ಹಂಪಿಯಿಂದ ಐಹೊಳೆಗೆ ಸೈಕಲ್ಲಿನಲ್ಲಿ: ಹೊರಡುವ ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳು

ಹಂಪಿಯಿಂದ ಹೊರಟು ಇಟಗಿ, ಲಕ್ಕುಂಡಿ, ಸೂಡಿಗಳನ್ನು ಹಾದು ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಸೈಕಲ್ಲಿನಲ್ಲಿಯೇ ತಲುಪಬೇಕೆಂದು ಯೋಚಿಸುತ್ತಿರುವವರಿಗೆ ಮೊದಲು ಹೇಳಬೇಕಾದದ್ದು ಸೈಕಲ್ಲನ್ನು ಹೊಸಪೇಟೆಯವರೆಗೆ ಸಾಗಿಸುವ ವಿಚಾರ. ಬೆಂಗಳೂರಿನಿಂದ ಹೊರಡುವ ಒಂದು ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಸೀಟು ಕಾದಿರಿಸುವಾಗ ಫೋನಿನಲ್ಲಿ ವಿಚಾರಿಸಿದ್ದೆ; ಸೈಕಲ್ಲಿಗೆ ತೊಂದರೆಯಿಲ್ಲ, ಡಿಕ್ಕಿಯಲ್ಲಿ ಜಾಗವಿದೆ ಎಂದಿದ್ದರು. ರಾತ್ರಿ ಬಸ್ಸು ಬಂದಾಗ ನಿರ್ವಾಹಕನು ಸೀಟಿನ ದರಕ್ಕೆ ಹೆಚ್ಚುಕಡಿಮೆ ಸಮನಾದ ಮೊತ್ತವನ್ನು ಕೇಳಿದ. ಚೌಕಾಸಿಗೆ ಸಮಯವಿರಲಿಲ್ಲ, ರಸೀದಿಯನ್ನೂ ಕೊಡಲಿಲ್ಲ. ಬೆಳಗ್ಗೆ ಡಿಕ್ಕಿ ತೆರೆದಾಗ ಸೈಕಲ್ಲಿನ ಮೇಲೆ ಯಾರದೋ ಅಂಗಡಿಯ ಮೂಟೆಗಳಿದ್ದವು, ಗೇರ್ ಬದಲಿಸುವಾಗ ಸರಪಳಿಯನ್ನು ಸರಿಸುವ ಹಿಂದಿನ ಡಿರೇಲರ್ ಒಳಕ್ಕೆ ಬಾಗಿ ಚಕ್ರದ ಕಡ್ಡಿಗಳಿಗೆ ತಾಗುತ್ತಿತ್ತು. ಆದ್ದರಿಂದ ಬಸ್ಸನ್ನೇ ನಂಬುವವರು ಸೈಕಲ್ಲಿನ ದರವನ್ನು ಮೊದಲೇ ವಾಟ್ಸಾಪಿನಲ್ಲಿ ಬರೆಯಿಸಿಕೊಳ್ಳಬೇಕು, ಡಿರೇಲರನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಚೌಕಟ್ಟಿಗೆ ಕಟ್ಟಬೇಕು, ಅದನ್ನು ಹಿಡಿದಿಡುವ ಹ್ಯಾಂಗರ್ ಎಂಬ ಚಿಕ್ಕ ತುಂಡಿನ ಇನ್ನೊಂದು ಪ್ರತಿಯನ್ನು ಚೀಲದಲ್ಲಿ ಇಟ್ಟುಕೊಳ್ಳಬೇಕು. ಈ ದಾರಿಯ ಊರುಗಳಲ್ಲಿ ಪಂಕ್ಚರ್ ಅಂಗಡಿಗಳಿಗೆ ಕೊರತೆಯಿಲ್ಲ. ಗೇರ್ ಸೈಕಲ್ಲಿನ ಬಿಡಿಭಾಗಗಳು ಮಾತ್ರ ಎಲ್ಲಿಯೂ ಕಾಣಲಿಲ್ಲ. ನನ್ನ ಸಲಹೆ ಕೇಳಿದರೆ ರೈಲೇ ಒಳ್ಳೆಯದು. ಹಂಪಿ ಎಕ್ಸ್‌ಪ್ರೆಸ್ ಹೊಸಪೇಟೆಯ ಮೂಲಕವೇ ಹೋಗುತ್ತದೆ, ಪಾರ್ಸೆಲ್ ಕಚೇರಿಯಲ್ಲಿ ನಿಮ್ಮ ಟಿಕೆಟು ತೋರಿಸಿ ಸೈಕಲ್ಲನ್ನು ಲಗೇಜ್ ವ್ಯಾನಿಗೆ ಹಾಕಿಸಬಹುದು, ಮತ್ತು ಅಲ್ಲಿ ಕೊಟ್ಟ ಹಣಕ್ಕೆ ಚೀಟಿ ಇರುತ್ತದೆ.

ಹಂಪಿಯ ಬಗ್ಗೆ ಬೇಕಾದಷ್ಟು ಮಾಹಿತಿ ಎಲ್ಲರಿಗೂ ಸಿಗುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ. ಅಲ್ಲಿಂದ ಹೊರಬೀಳುವ ದಾರಿಯ ಆಯ್ಕೆ ಮಾತ್ರ ಮುಖ್ಯ. ಹೊಸಪೇಟೆಗೆ ಹಿಂತಿರುಗಿ ಹೆದ್ದಾರಿ ಹಿಡಿಯುವ ಬದಲು ಬುಕ್ಕಸಾಗರದ ಸೇತುವೆಯಲ್ಲಿ ತುಂಗಭದ್ರೆಯನ್ನು ದಾಟಿ ಆನೆಗೊಂದಿ, ಸಾಣಾಪುರ, ಹುಲಿಗಿಯ ಮೂಲಕ ಹೋದರೆ ಭತ್ತದ ಗದ್ದೆಗಳ ಮತ್ತು ಬಂಡೆಗುಡ್ಡಗಳ ನಡುವೆ ನೆಮ್ಮದಿಯಿಂದ ಸಾಗಬಹುದು. ಶನಿವಾರ ಅಂಜನಾದ್ರಿಗೆ ಬರುವ ಕಾರುಗಳಿಂದ ಈ ರಸ್ತೆ ಕಟ್ಟಿಕೊಳ್ಳುತ್ತದೆ; ಮಂಗಳವಾರ ಮತ್ತು ಶುಕ್ರವಾರ ಹುಲಿಗೆಮ್ಮನ ಭಕ್ತರಿಂದ ಹುಲಿಗಿಯಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಹೋಗುವುದೂ ಕಷ್ಟ. ನನಗೆ ಬಿಸಿಲು ಸಹನೀಯ, ಜನಸಂದಣಿ ಅಸಹನೀಯ. ಮುಂದಿನ ಮಾತುಗಳನ್ನೂ ಓದುಗರು ಇದನ್ನು ತಿಳಿದುಕೊಂಡೇ ತೂಗಿ ನೋಡಬೇಕು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಮತ್ತು ಬನಶಂಕರಿಯ ಜಾತ್ರೆ ಎರಡೂ ನಡೆಯುವುದರಿಂದ ಆ ದಿನಗಳನ್ನು ತಪ್ಪಿಸಿ ನವೆಂಬರಿನ ಕೊನೆ ಅಥವಾ ಡಿಸೆಂಬರಿನಲ್ಲಿ ಹೊರಡುವುದು ಉತ್ತಮ. ಆಗ ಗಾಳಿ ಬಹುತೇಕ ಮೂಡಣದಿಂದ ಬೀಸುವುದರಿಂದ ಗದಗದವರೆಗೆ ಬೆನ್ನಿಗೆ ನೆರವಾಗುತ್ತದೆ. ಮಳೆಗಾಲದಲ್ಲಿ ಇದೇ ದಾರಿಯಲ್ಲಿ ಪಡುವಣ ಗಾಳಿ ಎದೆಗೇ ಬಡಿಯುತ್ತದೆ. ಗದಗದ ಸುತ್ತಲಿನ ಸಾಲು ಸಾಲು ಗಾಳಿಯಂತ್ರಗಳನ್ನು ನೋಡಿದರೆ ಅದರ ಬಲ ಎಷ್ಟಿರಬೇಕೆಂಬುದು ತಿಳಿಯುತ್ತದೆ.

ಹುಲಿಗಿಯಿಂದ ಕೊಪ್ಪಳದವರೆಗೆ ಹೆದ್ದಾರಿ ಅನಿವಾರ್ಯ. ಆ ಭಾಗವನ್ನು ಬೆಳಕು ಹರಿಯುತ್ತಿದ್ದಂತೆ ಮುಗಿಸಿಬಿಡಬೇಕು. ಕೊಪ್ಪಳದಾಚೆ ಹೆದ್ದಾರಿಯಲ್ಲಿಯೇ ನೇರವಾಗಿ ಗದಗಕ್ಕೆ ಹೋಗಿ ಒಂದು ದಿನ ಉಳಿಸಬಹುದೆಂದು ಕೆಲವರು ಹೇಳುತ್ತಾರೆ. ಹಾಗೆ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಈ ಪ್ರವಾಸದ ಜೀವವಿರುವುದು ಭಾನಾಪುರದಲ್ಲಿ ಬಲಕ್ಕೆ ತಿರುಗಿ ಒಳಗಿನ ರಸ್ತೆಗೆ ಇಳಿದ ಮೇಲೆಯೇ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವಿದೆ. ಶಾಸನವು ಇದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಹಿಂದಿನ ದಿನವಷ್ಟೇ ಹಂಪಿಯ ಒರಟಾದ ಕಣಶಿಲೆಯ ಕಂಬಗಳನ್ನು ಮುಟ್ಟಿ ಬಂದವರು ಇಲ್ಲಿಯ ಬಳಪದ ಕಲ್ಲಿನ ಕಂಬದ ಮೇಲೆ ಕೈಯಾಡಿಸಿದರೆ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ: ತಿರುಗಣಿಯಲ್ಲಿ ಕಡೆದ ಉಂಗುರಗಳ ಅಂಚು ಇಂದಿಗೂ ಚೂಪಾಗಿದೆ, ನಡುಭಾಗದಲ್ಲಿ ಎದುರಿನ ಬಾಗಿಲಿನ ಬೆಳಕು ಪ್ರತಿಫಲಿಸುತ್ತದೆ. ಬಾದಾಮಿ ಸೀಮೆಯನ್ನು ತಲುಪಿದ ಮೇಲೆ ಕಲ್ಲು ಮತ್ತೆ ಬದಲಾಗಿ ಕೆಂಪು ಮರಳುಗಲ್ಲಾಗುತ್ತದೆ. ವಿಜಯನಗರದಿಂದ ಕಲ್ಯಾಣದ ಚಾಲುಕ್ಯರಿಗೆ, ಕುಕನೂರಿನ ನವಲಿಂಗ ಗುಡಿಯಲ್ಲಿ ರಾಷ್ಟ್ರಕೂಟರಿಗೆ, ಕೊನೆಗೆ ಬಾದಾಮಿಯ ಚಾಲುಕ್ಯರಿಗೆ ಎಂದು ಸಾವಿರ ವರ್ಷ ಹಿಂದಕ್ಕೆ ಸಾಗುವ ಈ ಕ್ರಮವು ಕಾರಿನಲ್ಲಿ ಹೋಗುವವರಿಗೂ ಕಾಣುತ್ತದೆ. ಆದರೆ ಚಕ್ರದ ಕೆಳಗಿನ ಮಣ್ಣು ಕೆಂಪಿನಿಂದ ಕಪ್ಪಿಗೆ, ಕಪ್ಪಿನಿಂದ ಮತ್ತೆ ಕೆಂಪಿಗೆ ತಿರುಗುವುದನ್ನು ಕಲ್ಲಿನ ಜೊತೆಗೇ ಗಮನಿಸುವ ಅವಕಾಶ ಸೈಕಲ್ಲಿನವರಿಗೆ ಮಾತ್ರ.

ಒಳರಸ್ತೆಯ ನಿಜವಾದ ಶತ್ರು ಮುಳ್ಳು. ಬಳ್ಳಾರಿ ಜಾಲಿಯ ಉದ್ದನೆಯ ಮುಳ್ಳು ಕಣ್ಣಿಗೆ ಬೀಳುತ್ತದೆ, ತಪ್ಪಿಸಬಹುದು. ನೆಗ್ಗಿನಮುಳ್ಳು ಹಾಗಲ್ಲ. ಕಡಲೆಕಾಳಿನಷ್ಟು ಗಾತ್ರದ ಆ ಬೀಜ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೆ ಇರುತ್ತದೆ, ಟೈರಿಗೆ ಚುಚ್ಚಿಕೊಂಡ ಮೇಲೆ ಬೀಜ ಉದುರಿ ಮೊನೆ ಮಾತ್ರ ರಬ್ಬರಿನೊಳಗೆ ಉಳಿಯುತ್ತದೆ. ಇದು ಗೊತ್ತಿಲ್ಲದೆ ಹೊಸ ಟ್ಯೂಬು ಹಾಕಿದರೆ ಅರ್ಧ ಗಂಟೆಯಲ್ಲಿ ಅದೂ ಕುಳಿತುಬಿಡುತ್ತದೆ. ಟೈರನ್ನು ಪೂರ್ತಿ ಬಿಚ್ಚಿ ಒಳಮೈಯ ಸುತ್ತಲೂ ಹತ್ತಿಯ ಉಂಡೆಯನ್ನು ಎಳೆಯಬೇಕು. ಎಳೆ ಸಿಕ್ಕಿಕೊಂಡಲ್ಲೆಲ್ಲ ಮೊನೆ ಇರುತ್ತದೆ, ಅದನ್ನು ಚಿಮಟದಿಂದ ಕೀಳಬೇಕು. ನೆರಳು ಹುಡುಕಿ ರಸ್ತೆಯಂಚಿನ ಮಣ್ಣಿಗೆ ಇಳಿಯುವಾಗ ಸೈಕಲ್ಲನ್ನು ಎತ್ತಿಕೊಂಡು ಇಳಿಯುವುದು ಲೇಸು. ವಾಲ್ವಿನ ಆಯ್ಕೆಯೂ ಮುಖ್ಯವಾದದ್ದು: ಬೈಕುಗಳಿಗೆ ಇರುವಂಥ ದಪ್ಪ ವಾಲ್ವಿನ ಟ್ಯೂಬಾದರೆ ಯಾವ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿಯೂ ಗಾಳಿ ಹೊಡೆಸಬಹುದು, ಸಣ್ಣ ಪ್ರೆಸ್ಟಾ ವಾಲ್ವು ಅವರ ಪಂಪಿಗೆ ಹೊಂದುವುದಿಲ್ಲ. ಅಕಾಲದ ಮಳೆ ಬಿದ್ದ ದಿನ ಎರೆಭೂಮಿಯ ಕಚ್ಚಾರಸ್ತೆಗೆ ಇಳಿಯಲೇಬಾರದು. ಆ ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಚಕ್ರ ತಿರುಗದಂತೆ ಮಾಡುತ್ತದೆ.

ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವನ್ನೂ, ಶಿವ ಮತ್ತು ಸೂರ್ಯರ ಗುಡಿಗಳು ಒಂದಕ್ಕೊಂದು ಎದುರಾಗಿ ನಿಂತ ಕಾಶಿವಿಶ್ವೇಶ್ವರವನ್ನೂ ಎಲ್ಲರೂ ನೋಡುತ್ತಾರೆ. ಅಲ್ಲಿಗೇ ನಿಲ್ಲಿಸದೆ ಊರೊಳಗಿನ ಬಾವಿಗಳನ್ನು ವಿಚಾರಿಸಿಕೊಂಡು ಹೋಗಬೇಕು, ಮುಖ್ಯವಾಗಿ ಮಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯನ್ನು. ಉಳಿಯುವುದಕ್ಕೆ ಅಲ್ಲಿಂದ ಸುಮಾರು 12 ಕಿಲೋಮೀಟರ್ ದೂರದ ಗದಗವೇ ಸರಿ. ಇಡೀ ದಾರಿಯಲ್ಲಿ ಕಡಿಮೆ ಬಾಡಿಗೆಗೆ ಸ್ವಚ್ಛವಾದ ಕೋಣೆ ಸಿಕ್ಕಿದ್ದು ಗದಗದ ಬಸ್ ನಿಲ್ದಾಣದ ಹತ್ತಿರ. ಸೈಕಲ್ಲನ್ನು ಒಳಗಿಡಲು ಯಾರೂ ತಕರಾರು ಮಾಡಲಿಲ್ಲ.

ಗದಗದಿಂದ ಬಾದಾಮಿಗೆ ರೋಣದ ಮೂಲಕ ಸುಮಾರು 70 ಕಿಲೋಮೀಟರ್. ರೋಣ ಮತ್ತು ಗಜೇಂದ್ರಗಡದ ನಡುವಿನ ಸೂಡಿಗೆ ಹೋಗಿ ಬರಬೇಕಾದರೆ ಸುತ್ತು ಹೆಚ್ಚಾಗುತ್ತದೆ, ಆದರೂ ಬಿಡಬಾರದು. ಜೋಡು ಶಿಖರದ ಗುಡಿ ಮತ್ತು ನಾಗಕುಂಡವೆಂಬ ಮೆಟ್ಟಿಲುಬಾವಿ ಇರುವ ಈ ಊರಿನಲ್ಲಿ ನಾನಿದ್ದ ಅಷ್ಟೂ ಹೊತ್ತು ಇನ್ನೊಬ್ಬ ಪ್ರವಾಸಿಯನ್ನು ಕಾಣಲಿಲ್ಲ. ಈ ಭಾಗದಲ್ಲಿ ಸುಗ್ಗಿಯ ಕಾಲಕ್ಕೆ ರೈತರು ಬೆಳೆಯನ್ನು ಡಾಂಬರಿನ ಮೇಲೆ ಹರಡಿ ವಾಹನಗಳ ಗಾಲಿಯಿಂದ ಒಕ್ಕಣೆ ಮಾಡಿಸುತ್ತಾರೆ. ಹುರುಳಿಯ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಬಿಡಿಸುವುದು ಕಷ್ಟ. ಇಳಿದು ಪಕ್ಕದಿಂದ ತಳ್ಳಿಕೊಂಡು ಹೋದರೆ ಅವರ ಕಾಳಿಗೂ ಹಾನಿಯಿಲ್ಲ.

ಚೊಳಚಗುಡ್ಡದ ಬಳಿ ಮಲಪ್ರಭೆಯನ್ನು ದಾಟಿದರೆ ಬನಶಂಕರಿ. ಈ ಬರಹದಲ್ಲಿ ನಾನು ಮನಸ್ಸು ಬಿಚ್ಚಿ ಹೊಗಳಬೇಕೆಂದಿರುವುದು ಇಲ್ಲಿಯ ಊಟವನ್ನು. ಗುಡಿಯ ಹೊಂಡದ ಸುತ್ತಮುತ್ತ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿಗಳನ್ನು ಇಟ್ಟುಕೊಂಡು ಕುಳಿತಿರುತ್ತಾರೆ. ಮೇಜಿಲ್ಲ, ಫಲಕವಿಲ್ಲ. ಸೈಕಲ್ಲನ್ನು ಮರಕ್ಕೆ ಒರಗಿಸುತ್ತಿದ್ದಂತೆಯೇ ಒಬ್ಬಾಕೆ "ಬಾರೋ ತಮ್ಮಾ, ಬಿಸಲಾಗ ಬಂದೀದಿ, ಮೊದಲ ಕುಂದ್ರು" ಎಂದು ಕರೆದಳು. ಜೋಳದ ರೊಟ್ಟಿ ಬೇಕೋ ಸಜ್ಜಿ ರೊಟ್ಟಿಯೋ ಎಂದು ಕೇಳಿ, ಎಣ್ಣೆಗಾಯಿ ಬದನೆ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರಗಳನ್ನು ರೊಟ್ಟಿಯ ಮೇಲೆಯೇ ಬಡಿಸಿ, ಪಕ್ಕಕ್ಕೆ ಹಸಿ ಮೆಂತ್ಯದ ಸೊಪ್ಪು ಮತ್ತು ಉಳ್ಳಾಗಡ್ಡಿ ಇಟ್ಟಳು. ಮೊಸರು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮಣ್ಣಿನ ಗಡಿಗೆಯಲ್ಲಿತ್ತು. ಗಡಿಗೆಯನ್ನು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿಯಾಗಿತ್ತು. ಬೇಡವೆಂದರೂ ಇನ್ನೊಂದು ರೊಟ್ಟಿ ಬಿತ್ತು: "ಸೈಕಲ್ ತುಳಿಯಾವಗ ಎರಡ ರೊಟ್ಟಿ ಎಲ್ಲಿ ಸಾಲತಾವ?" ಎಂದಳು. ಇಷ್ಟಕ್ಕೆ ಅವಳು ತೆಗೆದುಕೊಂಡದ್ದು ನೂರು ರೂಪಾಯಿಗಿಂತ ಕಡಿಮೆ. ಮಧ್ಯಾಹ್ನ ಎರಡರೊಳಗೆ ತಲುಪಿದರೆ ಎಲ್ಲ ಪಲ್ಯಗಳೂ ಇರುತ್ತವೆ. ಕಡಕ್ ರೊಟ್ಟಿಯನ್ನೂ ಒಣ ಚಟ್ನಿಯನ್ನೂ ಕಟ್ಟಿಸಿಕೊಳ್ಳಿ. ಮುಂದಿನ ದಾರಿಗೆ ಅದಕ್ಕಿಂತ ಒಳ್ಳೆಯ ಬುತ್ತಿಯಿಲ್ಲ.

ಬಾದಾಮಿಯಲ್ಲಿ ವಾರಾಂತ್ಯವನ್ನು ಕಳೆಯಬೇಡಿ. ಶನಿವಾರವೆಂಬ ಒಂದೇ ಕಾರಣಕ್ಕೆ ಒಂದು ವಸತಿಗೃಹದಲ್ಲಿ ಗದಗದ ಎರಡರಷ್ಟು ಬಾಡಿಗೆ ಕೇಳಿದರು, ಸೈಕಲ್ಲನ್ನು ಬೀದಿಯಲ್ಲಿಯೇ ಬಿಡಬೇಕೆಂದರು. ಗುಹೆಗಳ ಮೆಟ್ಟಿಲುಗಳಲ್ಲಿ ಶಾಲಾ ಪ್ರವಾಸದ ಮಕ್ಕಳ ನೂಕುನುಗ್ಗಲಿತ್ತು. ಮೂರನೆಯ ಗುಹೆಯಲ್ಲಿ ಮಂಗಳೇಶನ 578ರ ಶಾಸನವನ್ನು ನಿಂತು ನೋಡುವುದಕ್ಕೂ ಆಗಲಿಲ್ಲ. ವಾರದ ನಡುವೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗುವವರಿಗೆ ಮಾತ್ರ ಆ ಸೊಬಗು ದೊರೆಯುತ್ತದೆ.

ಪಟ್ಟದಕಲ್ಲಿಗೆ 22 ಕಿಲೋಮೀಟರ್, ಅಲ್ಲಿಂದ ಐಹೊಳೆಗೆ ಹದಿಮೂರರಷ್ಟು. ಕಬ್ಬು ಕಡಿಯುವ ಕಾಲದಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಈ ಸೀಮೆಯ ರಸ್ತೆಗಳಲ್ಲಿ ಓಡಾಡುತ್ತವೆ. ಚಾಲಕನ ಹಾಡಿನ ಅಬ್ಬರದಲ್ಲಿ ನಿಮ್ಮ ಗಂಟೆ ಅವನಿಗೆ ಕೇಳುವುದಿಲ್ಲ. ಹಿಂದಿನ ಟ್ರೇಲರ್ ತಿರುವಿನಲ್ಲಿ ರಸ್ತೆಯಂಚಿನವರೆಗೂ ಬೀಸುತ್ತದೆ. ಎಂಜಿನ್ನಿನ ಸದ್ದು ಕೇಳಿದೊಡನೆ ಡಾಂಬರು ಬಿಟ್ಟು ಇಳಿಯಿರಿ, ಕತ್ತಲಾದ ಮೇಲೆ ಹೊರಡಲೇಬೇಡಿ. ಐಹೊಳೆಯಲ್ಲಿ ದುರ್ಗ ಗುಡಿಯ ಅಂಗಳ ತುಂಬಿದ್ದರೆ ನೇರವಾಗಿ ಮೇಗುತಿಯ ಗುಡ್ಡ ಹತ್ತುವುದು ಮೇಲು. ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಹೇಳುವ ರವಿಕೀರ್ತಿಯ 634ರ ಶಾಸನವಿರುವುದು ಅಲ್ಲಿಯ ಬಸದಿಯ ಗೋಡೆಯ ಮೇಲೆ.

ಹಿಂತಿರುಗುವಾಗ ಐಹೊಳೆಯಿಂದ ಅಮೀನಗಡಕ್ಕೆ ಹೋಗಿ ಕರದಂಟು ಕೊಂಡು ಬಾಗಲಕೋಟೆಗೆ ಬಂದರೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಸಿಗುತ್ತದೆ. ಸೈಕಲ್ಲನ್ನು ಅಲ್ಲಿ ಹಾಕಿಸಿಕೊಳ್ಳುತ್ತಾರೆಯೇ ಎಂಬುದನ್ನು ಹಿಂದಿನ ದಿನವೇ ಪಾರ್ಸೆಲ್ ಕಚೇರಿಯಲ್ಲಿ ಕೇಳಿ. ಆಗದೆಂದರೆ ಪ್ಯಾಸೆಂಜರ್ ರೈಲು ಹಿಡಿದು ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಹೊರಡುವ ಬೆಂಗಳೂರಿನ ರೈಲಿಗೆ ಹಾಕಿಸಬಹುದು. ಹೆಸರು, ಫೋನ್ ಸಂಖ್ಯೆ ಮತ್ತು ಇಳಿಯುವ ನಿಲ್ದಾಣವನ್ನು ರಟ್ಟಿನ ಮೇಲೆ ಬರೆದು ಚೌಕಟ್ಟಿಗೆ ಎರಡು ಕಡೆ ಕಟ್ಟಿರಿ.