ಮಲ್ಪೆಯ ಬೂದು ಬಣ್ಣಕ್ಕೆ ಪ್ರಿಂಟ್ ಅಂಗಡಿ ಹುಡುಕಿದ್ದು

ಏಪ್ರಿಲ್, ಮೊದಲ ವಾರ

ಉಡುಪಿಯ ಕೃಷ್ಣಾಷ್ಟಮಿ ಉತ್ಸವವಾದ ವಿಟ್ಲಪಿಂಡಿಗೆ ಮುಂಚೆ ನನ್ನ ಎರಡು ಜಲವರ್ಣ ಚಿತ್ರಗಳ ಪ್ರಿಂಟ್ ಮಾಡಿಸಿ ಮಾರಬೇಕು ಅಂತ ಹೊರಟಿದ್ದೇನೆ. ಒಂದು ಹುಲಿವೇಷ. ಇನ್ನೊಂದು ಕಳೆದ ಜೂನ್‌ನಲ್ಲಿ ಮಲ್ಪೆ ಧಕ್ಕೆಯಲ್ಲಿ ಕೊಡೆ ಹಿಡಿದುಕೊಂಡು ಸ್ಕೆಚ್ ಮಾಡಿ ಮನೆಯಲ್ಲಿ ಮುಗಿಸಿದ್ದು: ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತ ಬೋಟುಗಳು, ಮೇಲೆ ಈಗಲೋ ಆಗಲೋ ಸುರಿಯುವ ಆಕಾಶ.

ಚಿತ್ರ 11 ಇಂಚಿಗೆ 15. ಮನೆಯ ಸ್ಕ್ಯಾನರ್ ಎ4. ಎರಡು ಸಲ ಇಟ್ಟು, ನಡುವೆ ಎರಡು ಇಂಚು ಎರಡರಲ್ಲೂ ಬರುವ ಹಾಗೆ ತೆಗೆದು, ಕಂಪ್ಯೂಟರಿನಲ್ಲಿ ಜೋಡಿಸಿದೆ. 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, 3300 × 4500 ಪಿಕ್ಸೆಲ್ ಬಂತು. ಮೂಲದ ಅಳತೆಗೆ ಧಾರಾಳ. ಆದರೆ ಒಂದು ಮೂಲೆ ಮಸುಕು. ಅದರ ಕಾರಣ ಹುಡುಕುವುದರಲ್ಲೇ ಒಂದು ಸಂಜೆ ಹೋಯಿತು. ಪ್ರಿಂಟರಿನ ಜೊತೆಗೇ ಬರುವ ಈ ತೆಳ್ಳಗಿನ ಸ್ಕ್ಯಾನರುಗಳಿಗೆ ಗಾಜಿಗೆ ತಾಗಿದ್ದು ಮಾತ್ರ ಸರಿ ಕಾಣುವುದು. ನೀರು ಕುಡಿದು ಉಬ್ಬಿದ ಕಾಗದ ಒಂದೆರಡು ಮಿಲಿಮೀಟರ್ ಮೇಲೆದ್ದರೂ ಮಂಜು. ಚಿತ್ರದ ಬೆನ್ನಿಗೆ ತುಸು ನೀರು ಸವರಿ, ಖಾಲಿ ಕಾಗದಗಳ ನಡುವೆ ಇಟ್ಟು, ಮೇಲೆ ಹಲಗೆ, ಅದರ ಮೇಲೆ ಈಗ ಯಾರೂ ಮುಟ್ಟದ ಕಡೆಯುವ ಕಲ್ಲಿನ ಗುಂಡು. ಎರಡು ದಿನ ಬಿಟ್ಟು ತೆಗೆದರೆ ದೋಸೆ ಕಾವಲಿಯಷ್ಟು ಸಪಾಟು.

ಸ್ಕ್ಯಾನರಿನ ಆಟೋ ಕರೆಕ್ಷನ್ ಆಫ್ ಮಾಡಿಯೇ ತೆಗೆಯಬೇಕು. ಇಲ್ಲದಿದ್ದರೆ ಅದು ಕಾಗದವನ್ನು ಬೆಳ್ಳಗೆ ಮಾಡುವ ಭರದಲ್ಲಿ ಆಕಾಶದ ತೆಳು ಬಣ್ಣವನ್ನೂ ತೊಳೆದು ಹಾಕುತ್ತದೆ.

ಏಪ್ರಿಲ್, ಮೂರನೇ ವಾರ

ಎಲ್ಲ ಅಂಗಡಿಗೂ ಒಂದೇ ಪರೀಕ್ಷೆ. ಒಂದು ಎ4 ಹಾಳೆಯಲ್ಲಿ ಹುಲಿಯ ಮುಖ, ಬೋಟಿನ ಕೆಂಪು ಪಟ್ಟಿ, ಒಂದು ತುಂಡು ಆಕಾಶ, ಕೆಳಗೆ ಬಿಳಿಯಿಂದ ಕಪ್ಪಿನವರೆಗೆ ಬೂದಿನ ಮೆಟ್ಟಿಲು. ನನ್ನ ಹೆದರಿಕೆ ಇದ್ದದ್ದು ಹುಲಿಯ ಮೇಲೆ. ಅಂಥ ಕಿತ್ತಳೆ ನಾಲ್ಕು ಇಂಕಿನ ಪ್ರಿಂಟಿನಲ್ಲಿ ಮಂಕಾಗುತ್ತದೆ ಅಂತ ಮೊದಲೇ ಗೊತ್ತಿತ್ತು.

ಮೊದಲನೆಯದು ಉಡುಪಿಯಲ್ಲೇ, ಮದುವೆ ಕಾಗದ ಮಾಡಿಕೊಡುವ ಡಿಜಿಟಲ್ ಪ್ರೆಸ್. ಸೀಸನ್ ಆದ್ದರಿಂದ ಅರ್ಧ ಗಂಟೆ ಸ್ಟೂಲಿನ ಮೇಲೆ ಕೂತೆ. ಹುಡುಗ ಒಳ್ಳೆಯವನೇ. "ಮೇಡಂ, ಸ್ಕ್ರೀನಿನಲ್ಲಿ ಉಂಟಲ್ಲ, ಅದೇ ಹಾಗೆ ಬರುದಿಲ್ಲ. ಸ್ವಲ್ಪ ಬ್ರೈಟ್ ಮಾಡುವನಾ?" ಬೇಡ ಅಂದೆ. 300 ಜಿಎಸ್‌ಎಂ ತೂಕದ ದಪ್ಪ ಆರ್ಟ್ ಕಾರ್ಡ್, ಎ3ಗೆ 50 ರೂಪಾಯಿ.

ಹುಲಿ ಒಂದು ಸುತ್ತು ಮಂಕಾಯಿತು, ನಿಜ. ಆದರೆ ಮೂಲವನ್ನು ಪಕ್ಕದಲ್ಲಿ ಇಡದೆ ತೋರಿಸಿದರೆ ಮನೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಆಕಾಶ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಇದು ಮಳೆಗಾಲ ಅಲ್ಲ ಅಲ್ವಾ? ಸಂಜೆ ಹೊತ್ತು ಮಾಡಿದ್ದಾ?" ಅಂದರು. ಬೂದಿಗೆ ಗುಲಾಬಿ ಹತ್ತಿತ್ತು.

ನನ್ನ ಬೂದು ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನಾ ಸೇರಿಸಿದ್ದು. ಪ್ರೆಸ್ಸಿನಲ್ಲಿ ಅದು ಸಯಾನ್, ಮಜೆಂಟಾ, ಹಳದಿ ಮೂರೂ ತೂಕ ತಪ್ಪದೆ ನಿಂತರೆ ಮಾತ್ರ ಬೂದು. ಮಜೆಂಟಾ ಒಂದು ಚೂರು ಹೆಚ್ಚಾದರೆ ಸಂಜೆ, ಹಳದಿ ಹೆಚ್ಚಾದರೆ ಕೆಸರು. ಗಾಢ ಬಣ್ಣದಲ್ಲಿ ಅಡಗಿಕೊಳ್ಳುವ ತಪ್ಪು ಬೂದಿನಲ್ಲಿ ಅಡಗುವುದಿಲ್ಲ.

ಆಫ್‌ಸೆಟ್ ವಿಚಾರಿಸಿದೆ. ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್, ಪ್ರತಿ ಎಷ್ಟೇ ಇದ್ದರೂ ಅವುಗಳ ಖರ್ಚು ಅಷ್ಟೇ. ಸಾವಿರ ಪ್ರತಿ ಮಾಡಿಸುವವರಿಗೆ ಸರಿ, ಇಪ್ಪತ್ತು ಪ್ರತಿಯವಳಿಗೆ ಅಲ್ಲ.

ಮೇ

ಇನ್ನೂ ಮೂರು ಕಡೆ ಹೋದೆ. ಒಂದು ಫೋಟೋ ಸ್ಟುಡಿಯೋದಲ್ಲಿ ಬಣ್ಣ ಚೆಂದ ಬಂತು, ಆದರೆ ಹೊಳೆಯುವ ಕಾಗದ. ಜಲವರ್ಣಕ್ಕೆ ಎಣ್ಣೆ ಹಚ್ಚಿ ತಲೆ ಬಾಚಿದ ಹಾಗೆ. ಇನ್ನೊಂದು ಕಡೆ "ಜಿಕ್ಲೆ ಪ್ರಿಂಟ್" ಅಂತ ಬೋರ್ಡೇ ಇತ್ತು. ಆ ಫ್ರೆಂಚ್ ಹೆಸರು ಕೇಳಿ ಮರುಳಾಗಬಾರದು. ಇಂಕ್‌ಜೆಟ್‌ನಲ್ಲಿ ತೆಗೆದ ಕಲಾಪ್ರಿಂಟಿಗೆ 1990ರ ದಶಕದ ಆರಂಭದಲ್ಲಿ ಇಟ್ಟ ಹೆಸರು ಅಷ್ಟೆ. ಯಾವ ಇಂಕ್, ಯಾವ ಕಾಗದ ಅಂತ ಅದು ಹೇಳುವುದಿಲ್ಲ. ಡೈ ಅಂದರೆ ಕರಗಿದ ಬಣ್ಣ, ಬಿಸಿಲಿಗೆ ಬೇಗ ಮಾಸುತ್ತದೆ; ಪಿಗ್ಮೆಂಟ್ ಅಂದರೆ ಸಣ್ಣ ಪುಡಿ, ಬಾಳಿಕೆ ಹೆಚ್ಚು. "ಡೈ ಇಂಕಾ, ಪಿಗ್ಮೆಂಟಾ?" ಅಂತ ಕೇಳಿದೆ. "ಒರಿಜಿನಲ್ ಇಂಕ್ ಮೇಡಂ" ಅಂದರು.

ಮೂರನೆಯದು ಮಂಗಳೂರಿನಲ್ಲಿ, ಪಿಗ್ಮೆಂಟ್ ಇಂಕಿನವರು. ಬಸ್ಸಿಳಿದು ಬಲ್ಮಠದ ಕಡೆ ನಡೆಯುವಾಗ ಬಾಸೆಲ್ ಮಿಷನ್ನಿನವರ ನೆನಪಾಯಿತು. 1843ರಲ್ಲಿ ಇದೇ ಊರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂದದ್ದು. ಅವರಿಗೆ ಕಲ್ಲಿನ ಮೇಲೆ ಕರಿ ಒಂದು ಸರಿ ಕೂತರೆ ಸಾಕಿತ್ತು, ಪುಣ್ಯವಂತರು.

ಯಾರ ಬಣ್ಣ ಬಿಸಿಲಿಗೆ ಮಾಸುತ್ತದೆ ಅಂತ ನೋಡಲು ಹಾಳೆಗಳಿಂದ ಒಂದೊಂದು ಪಟ್ಟಿ ಕತ್ತರಿಸಿ, ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ಪಡುವಣ ಕಿಟಕಿಯ ಗಾಜಿಗೆ ಅಂಟಿಸಿದ್ದೇನೆ. ಈ ಬಿಸಿಲು ಹೀಗಾದರೂ ಉಪಯೋಗಕ್ಕೆ ಬರಲಿ.

ಜೂನ್ ಕೊನೆ

ಕಿಟಕಿಯ ಪಟ್ಟಿಗಳನ್ನು ಬಿಚ್ಚಿದೆ. "ಒರಿಜಿನಲ್ ಇಂಕ್" ಪಟ್ಟಿಯಲ್ಲಿ ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ನಡುವೆ ಗೆರೆ ಎಳೆದ ಹಾಗಿತ್ತು. ಹುಲಿಗೆ ಅರ್ಧ ಮುಖ ಬಿಳಿಚಿಕೊಂಡಿತ್ತು. ಡೈ ಇಂಕೇ ಇರಬೇಕು. ಉಡುಪಿಯ ಡಿಜಿಟಲ್ ಪ್ರೆಸ್ಸಿನ ಟೋನರ್ (ಪುಡಿ ಬಣ್ಣ) ಪಟ್ಟಿಗೆ ಹೇಳುವಂಥದ್ದೇನೂ ಆಗಿಲ್ಲ. ಮಂಗಳೂರಿನ ಪಿಗ್ಮೆಂಟ್ ಪಟ್ಟಿಯಲ್ಲಿ ಗೆರೆ ಎಲ್ಲಿ ಅಂತಲೇ ಸಿಗಲಿಲ್ಲ.

ಹಾಗಾಗಿ ಮತ್ತೆ ಮಂಗಳೂರಿಗೆ. ಅಲ್ಲಿಯವರು ನನ್ನ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳದೆ ಮೆಷಿನ್ ತೆರೆದು ತೋರಿಸಿದರು. "ಇಲ್ಲಿ ನೋಡಿ, ಕಪ್ಪು ಒಂದೇ ಅಲ್ಲ. ತೆಳು ಕಪ್ಪು ಬೇರೆ, ಅದಕ್ಕಿಂತ ತೆಳುವು ಬೇರೆ ಉಂಟು." ನನಗೆ ಅಲ್ಲೇ ಉತ್ತರ ಸಿಕ್ಕಿತು. ಇಲ್ಲಿ ಬೂದನ್ನು ಮೂರು ಬಣ್ಣ ಬೆರೆಸಿ ಹುಟ್ಟಿಸಬೇಕಾಗಿಲ್ಲ, ಹೆಚ್ಚಿನಂಶ ಬೂದು ಇಂಕೇ ಬೀಳುತ್ತದೆ. ಹತ್ತಿ ಕಾಗದದ ಮೇಲೆ ತೆಗೆದ ಆಕಾಶವನ್ನು ಬಾಗಿಲಿನ ಹೊರಗೆ, ಟ್ಯೂಬ್‌ಲೈಟಿನಿಂದ ದೂರ ಹಿಡಿದು ನೋಡಿದೆ. ಎದುರಿಗಿದ್ದ ಆಕಾಶದ್ದೇ ಬಣ್ಣ. ಒಟ್ಟಿನಲ್ಲಿ ಚೂರು ಕತ್ತಲು ಇತ್ತು, ಅದು ನನ್ನ ತಪ್ಪು: ಮಾನಿಟರನ್ನು ವಿಪರೀತ ಬೆಳಕಿಟ್ಟು ಫೈಲ್ ಸರಿ ಮಾಡಿದ್ದೆ. ಮನೆಗೆ ಬಂದು ತಿದ್ದಿ ಕಳಿಸಿದೆ.

ಎ3ಗೆ 750 ರೂಪಾಯಿ. ಉಡುಪಿಯ ಹದಿನೈದು ಪಟ್ಟು. ರಾತ್ರಿ ಲೆಕ್ಕ ಹಾಕಿ, ಬೋಟುಗಳನ್ನು ಮಂಗಳೂರಿನಲ್ಲಿ ಹತ್ತೇ ಪ್ರತಿ, ಹುಲಿಯನ್ನು ಉಡುಪಿಯ ಹುಡುಗನ ಹತ್ತಿರವೇ ಪೋಸ್ಟ್‌ಕಾರ್ಡ್ ಮಾಡಿಸುವುದು ಅಂತ ತೀರ್ಮಾನಿಸಿದೆ. ಫ್ರಿಜ್ಜಿಗೆ ಅಂಟಿಸುವ ಹುಲಿ ಸ್ವಲ್ಪ ಮಂಕಾದರೆ ಪರವಾಗಿಲ್ಲ. ಸಾವಿರದ ಮೇಲೆ ಕೊಟ್ಟು ಗೋಡೆಗೆ ಹಾಕುವವರಿಗೆ ಗುಲಾಬಿ ಮಳೆಗಾಲ ಕೊಡಲಾಗುವುದಿಲ್ಲ.

ಜುಲೈ, ಆಟಿ (ತುಳುವರ ಮಳೆಗಾಲದ ತಿಂಗಳು) ಸುರುವಾದ ಮೇಲೆ

ಹತ್ತೂ ಬಂದಿವೆ. ಒಪ್ಪಿದ ಪ್ರೂಫಿನ, ಅಂದರೆ ಮಾದರಿ ಪ್ರಿಂಟಿನ, ಹಿಂದೆ ತಾರೀಕು, ಕಾಗದದ ಹೆಸರು, ಫೈಲಿನ ಹೆಸರು ಪೆನ್ಸಿಲಿನಲ್ಲಿ ಬರೆದು ಕಪಾಟಿನಲ್ಲಿ ಇಟ್ಟಿದ್ದೇನೆ. ಮುಂದಿನ ಸಲ ಇದನ್ನೇ ಹಿಡಿದುಕೊಂಡು ಹೋಗುವುದು.

ಈಗ ತೇವದ ಜೊತೆ ಜಗಳ. ಹತ್ತಿ ಕಾಗದ ಗಾಳಿಯ ನೀರನ್ನೆಲ್ಲ ಕುಡಿದು ಹಪ್ಪಳದ ಹಾಗೆ ಸುರುಳಿ ಏಳುತ್ತದೆ, ಹಾಗೇ ಪ್ಲಾಸ್ಟಿಕ್ಕಿಗೆ ಹಾಕಿದರೆ ಬೂಸ್ಟು ಖಂಡಿತ. ಅಕ್ಕಿ ಡಬ್ಬಿಯ ಪಕ್ಕದ ಬೆಚ್ಚಗಿನ ಕಪಾಟಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ದಿನ ಇಟ್ಟು ಆಮೇಲೆ ಪ್ಯಾಕ್ ಮಾಡುತ್ತಿದ್ದೇನೆ. ಒಂದನ್ನು ಎರಡು ರಟ್ಟಿನ ನಡುವೆ ಕಟ್ಟಿ, ನಿನ್ನೆ ಸುರಿಯುವ ಮಳೆಯಲ್ಲೇ ಕುಂದಾಪುರದ ತಂಗಿಗೆ ಸ್ಪೀಡ್ ಪೋಸ್ಟ್ ಮಾಡಿದೆ. ತಲುಪಿದ ಕೂಡಲೇ ನಾಲ್ಕು ಮೂಲೆಯ ಫೋಟೋ ತೆಗೆದು ಕಳಿಸು ಅಂದಿದ್ದೇನೆ. ಇನ್ನೂ ಬಂದಿಲ್ಲ.