ಮೊದಲು ಇಳಿ, ಆಮೇಲೆ ಹತ್ತು

ಸಿಡ್ನಿಗೆ ಬಂದ ನೆಂಟರನ್ನು ಬ್ಲೂ ಮೌಂಟನ್ಸ್‌ಗೆ ಕರೆದುಕೊಂಡು ಹೋದರೆ ಬಹುತೇಕ ಎಲ್ಲರೂ ಕೇಳುವುದು ಒಂದೇ: "ಬೆಟ್ಟ ಎಲ್ರೀ?" ಪಾಪ, ಅವರದ್ದೇನೂ ತಪ್ಪಿಲ್ಲ. ಕಟೂಂಬಾದಲ್ಲೋ ಬ್ಲ್ಯಾಕ್‌ಹೀತ್‌ನಲ್ಲೋ ರೈಲು ಇಳಿಯುವ ಹೊತ್ತಿಗೇ ನಾವು ಸಾವಿರ ಮೀಟರ್ ಮೇಲಿರುತ್ತೇವೆ. ಊರು, ರಸ್ತೆ, ಕಾಫಿ ಅಂಗಡಿ ಎಲ್ಲವೂ ಮೇಲೆ. ಕಾಡು, ತೊರೆ, ಜಲಪಾತದ ಬುಡ ಎಲ್ಲವೂ ಕೆಳಗೆ, ಮರಳುಗಲ್ಲನ್ನು ನೀರು ಕೊರೆದು ಮಾಡಿದ ಕಣಿವೆಗಳಲ್ಲಿ. ಹಾಗಾಗಿ ಇಲ್ಲಿನ ಬುಷ್‌ವಾಕಿಂಗ್‌ನ, ಅಂದರೆ ಕಾಡು ನಡಿಗೆಯ, ಲೆಕ್ಕವೇ ತಿರುಗುಮುರುಗು. ಇಳಿಯುವಾಗ ಎಲ್ಲರೂ ಶೂರರು. ಹತ್ತುವ ಸರದಿ ಬರುವುದು ಕಾಲು ಸೋತ ಮೇಲೆ. ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಇರುವಾಗಲೇ ತಳ ಮುಟ್ಟಿರಬೇಕು ಅನ್ನುವುದು ನಮ್ಮ ಮನೆಯ ಕಾನೂನು.

ನನಗೆ ಇಷ್ಟದ ದಾರಿ ಬ್ಲ್ಯಾಕ್‌ಹೀತ್ ಪಕ್ಕದ ಗ್ರ್ಯಾಂಡ್ ಕ್ಯಾನ್ಯನ್. ಒಂದು ಸುತ್ತು ಸುಮಾರು 6 ಕಿ.ಮೀ. ಅಷ್ಟೇನಾ ಅನ್ನಬೇಡಿ, ನಿಂತು ನೋಡುತ್ತಾ ಹೋದರೆ ನಾಲ್ಕು ಗಂಟೆ ಸಲೀಸಾಗಿ ಬೇಕು. ನೀಟ್ಸ್ ಗ್ಲೆನ್ ಕಡೆಯಿಂದ ಇಳಿದು ಎವನ್ಸ್ ಲುಕ್‌ಔಟ್‌ನಲ್ಲಿ ಮೇಲೆ ಬರುವುದು ನಮ್ಮ ಪದ್ಧತಿ. ಏದುಸಿರು ಬಿಡುತ್ತಾ ಬಂದವರಿಗೆ ಕೊನೆಯಲ್ಲಿ ಗ್ರೋಸ್ ಕಣಿವೆಯಾದರೂ ಕಾಣಲಿ ಅಂತ.

ಮೇಲೆ ನೀಲಗಿರಿ ಮರ, ಬ್ಯಾಂಕ್ಸಿಯಾ ಪೊದೆ, ಬಿಸಿಲು, ಒಣ ತರಗೆಲೆ. ಮೆಟ್ಟಿಲು ಇಳಿಯುತ್ತಾ ಹೋದ ಹಾಗೆ ಗಾಳಿ ತಣ್ಣಗಾಗುತ್ತದೆ, ಮರಗಳೇ ಬೇರೆಯಾಗುತ್ತವೆ. ಕೋಚ್‌ವುಡ್, ಸ್ಯಾಸಫ್ರಾಸ್, ಛತ್ರಿಯಂತೆ ಬಿಚ್ಚಿಕೊಂಡ ಮರಜರಿಗಳು. ಕಲ್ಲಿನ ಮೇಲೆ ಪಾಚಿ ಎಷ್ಟು ದಪ್ಪ ಅಂದರೆ ಬೆರಳು ಒತ್ತಿದರೆ ಮೊದಲ ಗೆಣ್ಣಿನವರೆಗೂ ಮುಳುಗಿ, ನೀರು ಜಿನುಗುತ್ತದೆ. ಆಮೇಲೆ ದಾರಿ ಬಂಡೆಯ ಪಕ್ಕೆಗೆ ಅಂಟಿಕೊಂಡು ಸಾಗುತ್ತದೆ. ಒಂದು ಕಡೆ ತಲೆಯ ಮೇಲಕ್ಕೆ ಚಾಚಿದ ಕಲ್ಲು, ಇನ್ನೊಂದು ಕಡೆ ಕಂಬಿ, ಅದರಾಚೆ ಕತ್ತಲಲ್ಲಿ ಗ್ರೀವ್ಸ್ ಕ್ರೀಕ್‌ನ ಸದ್ದು ಮಾತ್ರ. ಕೆಲವೊಮ್ಮೆ ಆ ಸಂದಿಯ ತಳದಿಂದ ಮನುಷ್ಯರ ದನಿ ಕೇಳುತ್ತದೆ. ಹಗ್ಗ ಕಟ್ಟಿಕೊಂಡು ತಣ್ಣೀರಿಗೆ ಇಳಿದ ಹುಡುಗರು. ನಮ್ಮನೆಯವರು ಪ್ರತಿ ಸಲ ಬಗ್ಗಿ ನೋಡಿ "ಇವರಿಗೇನು ಹುಚ್ಚಾ" ಅನ್ನುತ್ತಾರೆ, ಅವರು ಮೇಲೆ ಬರುವವರೆಗೂ ಅಲ್ಲೇ ನಿಲ್ಲುತ್ತಾರೆ.

ಈ ದಾರಿ ಮಾಡಿದ್ದು 1907ರಲ್ಲಿ. ಯಂತ್ರಗಳಿಲ್ಲದ ಕಾಲದ ಕೈಕೆಲಸ.

ಹೋಗುವುದಾದರೆ ಚಳಿಗಾಲದಲ್ಲಿ ಹೋಗಿ. ಜೂನ್, ಜುಲೈಯಲ್ಲಿ ಲೈರ್‌ಬರ್ಡ್ ಹಾಡುವ ಕಾಲ. ಕೋಳಿಯಂತೆ ನೆಲ ಕೆದಕುವ ಕಂದು ಹಕ್ಕಿ, ನೋಡಿದರೆ ಏನೂ ಅನ್ನಿಸುವುದಿಲ್ಲ. ಬಾಯಿ ತೆರೆದರೆ ಬೇರೆ ಹಕ್ಕಿಗಳ ದನಿಯ ಅನುಕರಣೆ: ಕೂಕಬರಾ, ವಿಪ್‌ಬರ್ಡ್, ಗಿಳಿಗಳು, ಒಂದರ ಹಿಂದೊಂದು, ಉಸಿರೂ ಬಿಡದೆ. ಮಳೆ ಬಂದ ಮರುದಿನ ಹೋದರೆ ಇಂಬಳವೂ ಸ್ವಾಗತಕ್ಕೆ ಸಿದ್ಧ. ಹೌದು, ಇಲ್ಲೂ ಇವೆ. ಬ್ಯಾಗಿನಲ್ಲಿ ಒಂದು ಪೊಟ್ಟಣ ಉಪ್ಪು ಇರಲಿ.

ಕಣಿವೆಯಲ್ಲಿ ಫೋನು ನಂಬಬೇಡಿ. ಪಿ.ಎಲ್.ಬಿ. ಅನ್ನುವ ಪುಟ್ಟ ಯಂತ್ರವನ್ನು ನ್ಯಾಷನಲ್ ಪಾರ್ಕ್ಸ್‌ನವರು ಬ್ಲ್ಯಾಕ್‌ಹೀತ್‌ನಲ್ಲಿ ಪುಕ್ಕಟೆಯಾಗಿ ಎರವಲು ಕೊಡುತ್ತಾರೆ. ಅಪಾಯವಾದರೆ ಗುಂಡಿ ಒತ್ತಿದರಾಯಿತು, ಉಪಗ್ರಹದ ಮೂಲಕ ಸುದ್ದಿ ಮುಟ್ಟುತ್ತದೆ. ಮಳೆಗೆ ಬಂಡೆ ಕುಸಿದು ದಾರಿ ಮುಚ್ಚುವುದೂ ಇಲ್ಲಿ ಮಾಮೂಲು. ಹೊರಡುವ ಬೆಳಿಗ್ಗೆ ಅವರ ಜಾಲತಾಣ ನೋಡಿಯೇ ಹೊರಡಿ. ಬೇಲಿ ಹಾಕಿದ್ದರೆ ದಾಟಬೇಡಿ.

ಎವನ್ಸ್ ಲುಕ್‌ಔಟ್‌ನಲ್ಲಿ ಕೂತು ಪುಳಿಯೋಗರೆ ಡಬ್ಬಿ ಬಿಚ್ಚುವಾಗ ನನಗೆ ನೆನಪಾಗುವುದು ಈ ಕಣಿವೆಯ ತಳದ ಬ್ಲೂ ಗಮ್ ಫಾರೆಸ್ಟ್, ನೀಲಗಿರಿ ಜಾತಿಯ ಮರಗಳ ಕಾಡು. 1931ರ ಈಸ್ಟರ್‌ನಲ್ಲಿ ಅಲ್ಲಿಗೆ ಹೋದ ಬುಷ್‌ವಾಕರ್‌ಗಳಿಗೆ ಒಬ್ಬಾತ ಸಿಕ್ಕಿ, ಈ ಮರಗಳನ್ನು ಕಡಿದು ವಾಲ್‌ನಟ್ ಹಾಕುತ್ತೇನೆ ಅಂದನಂತೆ. ಜಮೀನು ಅವನ ಗುತ್ತಿಗೆಯಲ್ಲಿತ್ತು, ಜಗಳವಾಡಿ ಪ್ರಯೋಜನವಿರಲಿಲ್ಲ. ಆರ್ಥಿಕ ಮುಗ್ಗಟ್ಟಿನ ಕಾಲ ಬೇರೆ. ಆದರೂ ಬುಷ್‌ವಾಕಿಂಗ್ ಕ್ಲಬ್ಬಿನವರು ದುಡ್ಡು ಕೂಡಿಸಿ, ಸಾಲ ಎತ್ತಿ, 130 ಪೌಂಡ್ ಕೊಟ್ಟು ಅವನಿಂದ ಬಿಡಿಸಿಕೊಂಡರು. 1932ರಲ್ಲಿ ಅದು ಸಂರಕ್ಷಿತ ಕಾಡಾಯಿತು. ಈ ಸೀಮೆಯ ಕಾಡೆಲ್ಲ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 2000ದಲ್ಲಿ. ಅದಕ್ಕೆ ಸುಮಾರು 70 ವರ್ಷ ಮೊದಲೇ ಶನಿವಾರ-ಭಾನುವಾರದ ನಡಿಗೆಯವರು ಜೇಬಿಗೆ ಕೈ ಹಾಕಿದ್ದರು.

ಆ ಮರಗಳ ಬುಡಕ್ಕೆ ಹೋಗಬೇಕೆಂದರೆ ಪೆರೀಸ್ ಲುಕ್‌ಡೌನ್‌ನಿಂದ 600 ಮೀಟರ್ ಆಸುಪಾಸು ಇಳಿಯಬೇಕು. ಇಳಿದಷ್ಟೂ ಹತ್ತಬೇಕು, ಅದು ಗೊತ್ತಿದ್ದದ್ದೇ. ಮಗಳು ಈ ಆಗಸ್ಟಿಗೇ ಹೋಗೋಣ ಅನ್ನುತ್ತಾಳೆ. ನಮ್ಮನೆಯವರು ಮಾತ್ರ "ನೀವಿಬ್ಬರೂ ಹೋಗಿ ಬನ್ನಿ, ನಾನು ಮೇಲೆ ಕಾರು ಕಾಯ್ತೀನಿ" ಅಂತ ಈಗಲೇ ಹೇಳಿಬಿಟ್ಟಿದ್ದಾರೆ.