ತುಂಡಾದ ಬಿಳಿ ಗೆರೆ

ಅಕ್ಕನ ಮಗ ಅಮೆರಿಕದಿಂದ ರಜೆಗೆ ಬಂದಿದ್ದ. ಅಲ್ಲಿ ಅವನು ಪೊಲೀಸ್. ಕಳೆದ ಭಾನುವಾರ ಸಂಜೆ ಬಳ್ಳಾರಿಯ ಕೌಲ್‌ಬಜಾರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ತನ್ನ ಪಿಸ್ತೂಲಿನ ಚಿತ್ರ ತೋರಿಸಿದ. ಶಸ್ತ್ರಾಗಾರದಲ್ಲಿ ಮೂವತ್ತು ವರ್ಷ ದುಡಿದ ಮಾವನಾದ ನನಗೆ ತೋರಿಸಬೇಕೆಂಬ ಹೆಮ್ಮೆ ಅವನದು; ನೋಡುವ ಆಸೆ ನನಗೂ ಇತ್ತು. ಪಿಸ್ತೂಲಿನ ನೆತ್ತಿಯ ಮೇಲೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದೊಂದು ಗಾಜಿನ ಕಿಟಕಿ, ಅದರ ನಡುವೆ ಗುರಿ ಹಿಡಿಯಲು ಕೆಂಪು ಚುಕ್ಕೆ.

ಚಿತ್ರವನ್ನು ಹಿಗ್ಗಿಸಿ ನೋಡಿದೆ. ಕಿಟಕಿಯನ್ನು ಬಿಗಿದ ತಿರುಪುಗಳು ಎರಡು. ತಿರುಪಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದೇ ಎಳೆಯಲ್ಲಿ ಬಿಳಿ ಬಣ್ಣದ ಗೆರೆ ಹಾಕಿದ್ದರು. ಎಡಗಡೆಯ ಗೆರೆ ನೇರವಾಗಿತ್ತು. ಬಲಗಡೆಯದು ತುಂಡಾಗಿತ್ತು. ಎರಡು ತುಂಡುಗಳ ನಡುವೆ ಸಾಸಿವೆ ಕಾಳೂ ಹಿಡಿಸದಷ್ಟು ಅಂತರ.

"ಈ ತಿರುಪು ತಿರುಗಿದೆಯಲ್ಲೋ" ಎಂದೆ.

"ಚುಕ್ಕೆ ಉರಿಯುತ್ತಿದೆಯಲ್ಲ ಮಾವ" ಎಂದ.

ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹುಡುಗ ಒಳ್ಳೆಯವನು, ಧೈರ್ಯಸ್ಥ. ಆದರೆ ಚಿಕ್ಕಂದಿನಲ್ಲೂ ಸೈಕಲ್ ಓಡುತ್ತಿದ್ದರೆ ಸಾಕು, ಬ್ರೇಕಿನ ಕಡೆ ನೋಡುತ್ತಿರಲಿಲ್ಲ. ಚುಕ್ಕೆ ಉರಿಯುತ್ತಿದೆಯಲ್ಲ ಮಾವ! ಚುಕ್ಕೆ ಉರಿದರೆ ಬ್ಯಾಟರಿಯಲ್ಲಿ ಜೀವವಿದೆ ಎಂದಷ್ಟೇ ಅರ್ಥ. ಅದು ತೋರಿಸಿದ ಕಡೆಗೇ ಗುಂಡು ಹೋಗುತ್ತದೆ ಎಂದು ಹೇಳಬೇಕಾದವು ಆ ತಿರುಪುಗಳು. ನಮ್ಮ ಇನ್ಸಾಸ್ ಬಂದೂಕಿನ ಗುರಿಕಣ್ಣು ಅಲುಗಾಡದ ಕಬ್ಬಿಣ. ಇವನ ಕಿಟಕಿಯೋ ಪಿಸ್ತೂಲಿನ ಸ್ಲೈಡಿನ, ಅಂದರೆ ಹಿಂದೆ ಮುಂದೆ ಜಾರುವ ಮೇಲ್ಭಾಗದ, ಮೇಲೆಯೇ ಕುಳಿತಿದೆ. ಪ್ರತಿ ಗುಂಡಿಗೂ ಅದರ ಜೊತೆ ಹಿಂದಕ್ಕೆ ಬಡಿದು ಮುಂದಕ್ಕೆ ಬಡಿಯುತ್ತದೆ. ಮೂರು ಸೆಂಟಿಮೀಟರ್ ಉದ್ದದ ತಳ ಒಂದು ತುದಿಯಲ್ಲಿ ಕೂದಲೆಳೆಯಷ್ಟು, ಅಂದರೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಎದ್ದರೂ, 25 ಮೀಟರ್ ದೂರದಲ್ಲಿ ಗುರಿ ಎಂಟು ಸೆಂಟಿಮೀಟರ್ ತಪ್ಪುತ್ತದೆ. ನಾಲ್ಕು ಬೆರಳಿನ ಅಗಲ. ಹಾಳೆಯ ಮೇಲೆ ಅದು ಅಂಕ ಕಳೆಯುವ ವಿಷಯ. ರಸ್ತೆಯಲ್ಲಿ ಆ ನಾಲ್ಕು ಬೆರಳಿನ ಆಚೆ ಯಾರು ನಿಂತಿರುತ್ತಾರೆ?

ಬೆಳಿಗ್ಗೆ ಮತ್ತೆ ಕೂರಿಸಿಕೊಂಡೆ. ಚಿತ್ರದಲ್ಲಿ ಇನ್ನೊಂದು ಸಂಗತಿಯಿತ್ತು: ಚುಕ್ಕೆ ದುಂಡಗಿರಲಿಲ್ಲ, ಬಾಲ ಬಂದಿತ್ತು. ಆ ಮಾದರಿಯಲ್ಲಿ ಬೆಳಕಿನ ಪುಟ್ಟ ದೀಪ ಗಾಜಿನ ಹಿಂದೆ, ಕೆಳಗೆ, ತೆರೆದ ಗುಳಿಯಲ್ಲಿ ಇರುತ್ತದೆ. ದೀಪದ ಬೆಳಕು ಗಾಜಿಗೆ ಬಡಿದು ಕಣ್ಣಿಗೆ ಮರಳಿದಾಗ ಚುಕ್ಕೆ ಕಾಣುತ್ತದೆ. ಗುಳಿಯಲ್ಲಿ ಬಟ್ಟೆಯ ನೂಲೋ ಮಳೆಯ ಹನಿಯೋ ಕುಳಿತರೆ ಚುಕ್ಕೆ ಚದುರುತ್ತದೆ, ಕೆಲವೊಮ್ಮೆ ಮಾಯವೇ ಆಗುತ್ತದೆ. ನಮ್ಮ ಪಕ್ಕದ ಮನೆಯಾಕೆ ಜೀನ್ಸ್ ಹೊಲಿಯುತ್ತಾಳೆ. ಕತ್ತಲಾಗುವ ಹೊತ್ತಿಗೆ ಸೂಜಿಯ ಕೆಳಗಿನ ತಗಡು ಬಿಚ್ಚಿ, ಹಲ್ಲುಗಳ ಸಂದಿನಲ್ಲಿ ಉಂಡೆಗಟ್ಟಿದ ನೀಲಿ ನೂಲಿನ ಧೂಳನ್ನು ಕುಂಚದಿಂದ ಕೆರೆದು ತೆಗೆಯದೆ ಆಕೆ ಯಂತ್ರಕ್ಕೆ ಬಟ್ಟೆ ಹೊದಿಸುವುದಿಲ್ಲ. ಅವಳನ್ನು ನೋಡಿ ಕಲಿ ಎಂದು ಅವನಿಗೆ ನೇರವಾಗಿಯೇ ಹೇಳಿದೆ.

ಒರೆಸುವುದಕ್ಕೂ ಕ್ರಮವಿದೆ. ಮೊದಲು ಗಾಳಿ ಊದಿ, ಮೆತ್ತನೆಯ ಕುಂಚದಿಂದ ಧೂಳು ತೆಗೆಯಬೇಕು. ಕನ್ನಡಕದ ಬಟ್ಟೆ ಆಮೇಲೆ. ಸಂಡೂರಿನ ಅದಿರು ಧೂಳು ಕಂಡ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಧೂಳಿನ ಮೇಲೆಯೇ ಬಟ್ಟೆ ಎಳೆದರೆ ಗಾಜಿನ ಲೇಪ ಗೀರಿಹೋಗುತ್ತದೆ. ನಳಿಕೆಗೆ ಎಣ್ಣೆ ಹಚ್ಚಿದ ಚಿಂದಿಯನ್ನು ಗಾಜಿನ ಹತ್ತಿರಕ್ಕೂ ತರಬಾರದು.

ಬ್ಯಾಟರಿ ಯಾವಾಗ ಬದಲಿಸಿದ್ದೆ ಎಂದು ಕೇಳಿದೆ. ನೆನಪಿಲ್ಲ ಎಂದ. ಸಿಆರ್ 2032 ಬಿಲ್ಲೆ ವರ್ಷಗಟ್ಟಲೆ ಬಾಳುತ್ತದಂತೆ. ಬಾಳೀತು, ಆದರೆ ಅದು ಹೊಳಪನ್ನು ಮಧ್ಯಮದಲ್ಲಿಟ್ಟ ಲೆಕ್ಕ. ಬಿಸಿಲಿಗೆಂದು ಹೊಳಪು ಏರಿಸಿದರೆ ಬೇಗ ತೀರುತ್ತದೆ. ವರ್ಷಕ್ಕೊಮ್ಮೆ, ನಿನ್ನ ಹುಟ್ಟುಹಬ್ಬದ ದಿನ ಬದಲಿಸು ಎಂದೆ. ಅವನ ಮಾದರಿಯಲ್ಲಿ ಅದಕ್ಕಾಗಿ ಕಿಟಕಿಯನ್ನೇ ಬಿಚ್ಚಬೇಕು. ಬಿಚ್ಚಿದ ಮೇಲೆ ತಿರುಪಿನ ಹಳೆಯ ಅಂಟು ಕೆರೆದು, ಎಣ್ಣೆಯ ಪಸೆ ತೆಗೆದು, ಹೊಸ ಅಂಟು ಹಚ್ಚಿ, ಬಿಗಿತ ಅಳೆಯುವ ಪಾನಾದಿಂದ ಬಿಗಿದು, ಗೆರೆ ಎಳೆದು, ಗುಂಡು ಹಾರಿಸಿ ಗುರಿ ನೋಡಲೇಬೇಕು. "ಅದೆಲ್ಲ ನಮ್ಮ ಆರ್ಮರರ್ ಕೆಲಸ ಮಾವ" ಎಂದ. ಆರ್ಮರರ್ ಎಂದರೆ ಶಸ್ತ್ರಗಳನ್ನು ನೋಡಿಕೊಳ್ಳುವವನು. ಆ ಮಾತು ನನ್ನನ್ನು ನೋಯಿಸಿತು. ಆರ್ಮರರ್ ಎಳೆದ ಗೆರೆಯನ್ನು ದಿನವೂ ನೋಡಬೇಕಾದವನು ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡವನು. ಮೂವತ್ತು ವರ್ಷ ನಾನು ಬಂದೂಕು ಕೊಟ್ಟ ಹುಡುಗರಲ್ಲಿ, ಕೈಗೆ ಬಂದ ಕೂಡಲೇ ಒಮ್ಮೆ ತಿರುಗಿಸಿ ನೋಡಿದವರ ಮುಖಗಳು ಮಾತ್ರ ನನಗೆ ಇಂದಿಗೂ ನೆನಪಿವೆ.

ಅವನು ಆಮೇಲೆ ಎದುರಾಡಲಿಲ್ಲ. ಮಂಗಳವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿ ಬಂದೆ.

ಇವತ್ತು ಬೆಳಿಗ್ಗೆ ಒಂದು ಚಿತ್ರ ಬಂತು. ಕೆಳಗೆ ಒಂದೇ ಸಾಲು: "ಬಲಗಡೆಯದು ಸಡಿಲವಾಗಿತ್ತು ಮಾವ." ಕನ್ನಡಕ ಹಾಕಿಕೊಂಡು ಹಿಗ್ಗಿಸಿ ನೋಡಿದೆ. ಹೊಸ ಬಣ್ಣ, ಎರಡೂ ಗೆರೆಗಳು ಕೂಡಿದ್ದವು. ಈ ಸಲ ಅವನು ಚುಕ್ಕೆ ಹೊತ್ತಿಸಿರಲಿಲ್ಲ.